ಮೂರು ಜನ ಕಡಿಮೆಯಾದರೆ ಸಾಲು ಅರ್ಧ

ಹಾಸನದ ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಯಲ್ಲಿ ಜಾಮ್ ಆದಾಗೆಲ್ಲ ಒಂದೇ ಮಾತು ಕೇಳುತ್ತದೆ: "ಗಾಡಿ ಜಾಸ್ತಿ ಆಗೋದ್ವು. ಫ್ಲೈಓವರ್ ಕಟ್ಟದೆ ಇದು ಸರಿಹೋಗಲ್ಲ." ಗಾಡಿ ಜಾಸ್ತಿಯಾಗಿರುವುದು ನಿಜ. ಆದರೆ ಗಾಡಿ ಹೆಚ್ಚಿದಷ್ಟೇ ಸಾಲೂ ಹೆಚ್ಚುತ್ತದೆ ಎಂಬ ಲೆಕ್ಕ ತಪ್ಪು. ಸಾಲು ಬೆಳೆಯುವ ರೀತಿಯೇ ಬೇರೆ.

ಹಳ್ಳಿಯ ಹಾಲಿನ ಡೇರಿ ನೋಡಿ. ಒಬ್ಬರ ಹಾಲು ಅಳೆಯಲು ಸರಾಸರಿ ಒಂದು ನಿಮಿಷ, ಅಂದರೆ ಗಂಟೆಗೆ ಹೆಚ್ಚೆಂದರೆ 60 ಜನ. ಗಂಟೆಗೆ 30 ಜನ ಬಂದರೆ ಯಾವಾಗ ನೋಡಿದರೂ ಸರಾಸರಿ ಒಬ್ಬರು ಅಲ್ಲಿರುತ್ತಾರೆ. 54 ಜನ ಬಂದರೆ 9. 57 ಬಂದರೆ 19! ಇನ್ನೂ 60 ಮುಟ್ಟಿಲ್ಲ, ಆಗಲೇ ಹೀಗೆ. ಯಾಕೆ? ಜನ ನಿಮಿಷಕ್ಕೊಬ್ಬರಂತೆ ಬರುವುದಿಲ್ಲ. ನಾಲ್ಕು ಜನ ಒಟ್ಟಿಗೆ ಬರುತ್ತಾರೆ, ಆಮೇಲೆ ಸ್ವಲ್ಪ ಹೊತ್ತು ಯಾರೂ ಇಲ್ಲ. ಒಬ್ಬರದು ಅರ್ಧ ಲೀಟರ್, ಇನ್ನೊಬ್ಬರದು ತುಂಬಿದ ಕ್ಯಾನ್. ಖಾಲಿ ಹೋದ ನಿಮಿಷವನ್ನು ಎತ್ತಿಟ್ಟು ಆಮೇಲೆ ಬಳಸಲು ಆಗುವುದಿಲ್ಲ. ಬಿಡುವು ಕಡಿಮೆಯಾದಷ್ಟೂ ಕಟ್ಟಿದ ಸಾಲು ಕರಗುವುದು ನಿಧಾನ. ಅದು ಕರಗುವ ಮೊದಲೇ ಇನ್ನೊಂದು ಗುಂಪು ಬಂದು ಸೇರುತ್ತದೆ.

ಈಗ ಇದನ್ನೇ ತಿರುಗಿಸಿ. 57ರಲ್ಲಿ ಮೂರೇ ಜನ ಕಡಿಮೆಯಾದರೆ ಸಾಲು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಎಂಥ ಒಳ್ಳೆಯ ಸುದ್ದಿ ಅಲ್ವಾ?

ಈ ಗಣಿತ ಹುಟ್ಟಿದ್ದು ಟೆಲಿಫೋನಿನಿಂದ. ಎಷ್ಟು ಕರೆಗೆ ಎಷ್ಟು ಲೈನ್ ಬೇಕು ಎಂದು ತಲೆಕೆಡಿಸಿಕೊಂಡ ಆಗ್ನರ್ ಎರ್ಲಾಂಗ್, 1909ರಲ್ಲಿ ಡೆನ್ಮಾರ್ಕಿನಲ್ಲಿ ಇದಕ್ಕೆ ಅಡಿಪಾಯ ಹಾಕಿದರು. 1958ರಲ್ಲಿ ಬ್ರಿಟನ್ನಿನ ರಸ್ತೆ ಸಂಶೋಧಕ ವೆಬ್‌ಸ್ಟರ್, ಸಿಗ್ನಲ್‌ನಲ್ಲಿ ಗಾಡಿ ಎಷ್ಟು ಕಾಯುತ್ತದೆ ಎಂಬುದಕ್ಕೆ ಸೂತ್ರ ಕೊಟ್ಟರು. ಸಿಗ್ನಲ್ಲಿನ ಲೆಕ್ಕ ಡೇರಿಗಿಂತ ತೊಡಕಿನದು. ಆದರೂ ರಸ್ತೆ ತುಂಬುತ್ತಾ ಬಂದಾಗ ಕಾಯುವ ಹೊತ್ತು ಅಲ್ಲೂ ಹೀಗೇ ಜಿಗಿಯುತ್ತದೆ.

ಹಾಗಾದರೆ ನಮ್ಮ ಜಂಕ್ಷನ್ನಿನಲ್ಲಿ ಆ ಮೂರು ಜನ ಯಾರು? ಮೂಲೆಯಲ್ಲೇ ನಿಲ್ಲುವ ಬಸ್ ಇರಬಹುದು. ಎಡತಿರುವಿಗೆ ಅಡ್ಡವಾದ ಆಟೋ ಸ್ಟ್ಯಾಂಡ್ ಇರಬಹುದು. ಶಾಲೆ ಬಿಟ್ಟಾಗ ಮಕ್ಕಳು ದಾಟುವ ಜಾಗ ಒಂದು ಕಡೆ, ಜೀಬ್ರಾ ಪಟ್ಟೆ ಇನ್ನೊಂದು ಕಡೆ ಇರಬಹುದು. ಇದು ಕಚೇರಿಯ ನಕ್ಷೆಯಲ್ಲಿ ಕಾಣುವುದಿಲ್ಲ. ಅಲ್ಲೇ ಹಣ್ಣು ಮಾರುವವರಿಗೆ, ಬಸ್ ಡ್ರೈವರಿಗೆ, ಟ್ರಾಫಿಕ್ ಪೊಲೀಸರಿಗೆ ಗೊತ್ತು. ಅವರನ್ನೇ ಕೇಳಬೇಕು.

ಬೇಸಿಗೆಯಲ್ಲಿ ಒಂದು ವಾರ ಗಾಡಿ ಎಣಿಸಿಕೊಂಡು ಹೋದರೂ ಸಾಲದು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ದಾರಿ ಮುಚ್ಚಿದರೆ, ನೇರ ಸಕಲೇಶಪುರದ ಕಡೆ ಹೋಗಬೇಕಿದ್ದ ಎಷ್ಟೋ ಗಾಡಿಗಳು ಬಲಕ್ಕೆ ತಿರುಗಿ ಬೇಲೂರು, ಮೂಡಿಗೆರೆ, ಚಾರ್ಮಾಡಿ ದಾರಿ ಹಿಡಿಯುತ್ತವೆ. ಬಲತಿರುವು ಎದುರಿನ ಸಾಲನ್ನು ಕತ್ತರಿಸಿ ಹೋಗಬೇಕು, ಜಂಕ್ಷನ್ನಿಗೆ ಅದೇ ದೊಡ್ಡ ಹೊರೆ. ಇನ್ನು ಹಾಸನಾಂಬೆಯ ಬಾಗಿಲು ತೆರೆದ ದಿನಗಳಂತೂ ಊರವರಿಗೆ ಗೊತ್ತೇ ಇದೆ.

ಜಂಕ್ಷನ್ನಿನಲ್ಲಿ ಅಪಘಾತವಾದಾಗ ಕೇಳುವ ಒಂದು ಮಾತು ನನಗೆ ಸಿಟ್ಟು ತರಿಸುತ್ತದೆ: "ಆ ಜಾಗ ಬಲಿ ಕೇಳುತ್ತೆ." ಹೋಗಲು ಒಂದು, ಬರಲು ಒಂದು ಲೇನಿರುವ ಎರಡು ರಸ್ತೆ ಅಡ್ಡ ಹಾಯುವ ಕಡೆ ಗಾಡಿಗಳ ದಾರಿಗಳು ಸೇರುವ, ಕವಲೊಡೆಯುವ, ಕತ್ತರಿಸುವ ಬಿಂದುಗಳು ಒಟ್ಟು 32. ಅದರಲ್ಲಿ 16 ಒಂದನ್ನೊಂದು ಕತ್ತರಿಸುವಂಥವು, ಅಡ್ಡಡ್ಡ ಗುದ್ದುವುದು ಅಲ್ಲೇ. ಗಾಡಿಗಳು ನಡುವಿನ ದಿಬ್ಬ ಸುತ್ತಿ ಹೋಗುವ ಒಂದೇ ಲೇನಿನ ವೃತ್ತದಲ್ಲಿ ಒಟ್ಟು 8, ಕತ್ತರಿಸುವುದು ಒಂದೂ ಇಲ್ಲ. ಹಾಗಂತ ಹೆದ್ದಾರಿಯ ಭಾರವನ್ನೆಲ್ಲ ಒಂದು ಲೇನಿನ ವೃತ್ತ ಹೊರಲಾರದು. ಆದರೆ ಕುಂಬಳಕಾಯಿ ಒಡೆದರೆ ಆ 16ರಲ್ಲಿ ಒಂದೂ ಕಡಿಮೆಯಾಗುವುದಿಲ್ಲ, ನಕ್ಷೆ ಬದಲಿಸಿದರೆ ಆಗುತ್ತದೆ.

ಊರವರನ್ನು ಕೇಳುವುದು ಅಂದರೆ ಸಭೆ ಕರೆದು "ಫ್ಲೈಓವರ್ ಬೇಕಾ, ಬೇಡವಾ" ಎಂದು ಕೈ ಎತ್ತಿಸುವುದಲ್ಲ. ಎಲ್ಲಿ ದಾಟುತ್ತೀರಿ, ಬಸ್ಸಿಗೆ ಎಲ್ಲಿ ಕಾಯುತ್ತೀರಿ, ಸಂಜೆ ಸಾಲಿನ ಬಾಲ ಯಾವ ಅಂಗಡಿ ಮುಟ್ಟುತ್ತದೆ ಎಂದು ಜಂಕ್ಷನ್ನಿನಲ್ಲೇ ನಿಂತು ಕೇಳಬೇಕು. ಆಮೇಲೆ ಕಾಂಕ್ರೀಟ್ ಸುರಿಯುವ ಮೊದಲು ಹೊಸ ನಕ್ಷೆಯನ್ನು ಕೋನ್, ಮರಳಿನ ಚೀಲ ಇಟ್ಟು ಕೆಲವು ವಾರ ರಸ್ತೆಯ ಮೇಲೇ ನಡೆಸಿ ನೋಡಬೇಕು. ಬಸ್ ಸಲೀಸಾಗಿ ತಿರುಗದಿದ್ದರೆ ಚೀಲವನ್ನು ಎರಡು ಅಡಿ ಸರಿಸಿದರಾಯಿತು.