ಭೂಮಿ ತಲೆಯಾಡಿಸುವುದಿಲ್ಲ

ಧ್ರುವ ಪ್ರದೇಶದ ಬೇಸಿಗೆ, ಚಳಿಗಾಲದ ಬಗ್ಗೆ ಮಕ್ಕಳು ಎಷ್ಟು ಪ್ರಶ್ನೆ ಕೇಳಿದರೂ ನನಗೆ ಬೇಜಾರಿಲ್ಲ. ಬೇಜಾರಾಗುವುದು ಅಪ್ಪ ಅಮ್ಮಂದಿರ ಕೈ ನೋಡಿದಾಗ.

ವಿಜ್ಞಾನ ಕೇಂದ್ರವೊಂದರಲ್ಲಿ ಮಕ್ಕಳಿಗೆ ಖಗೋಳ ಹೇಳಿಕೊಡುವುದು ನನ್ನ ಕೆಲಸ. ಟೇಬಲ್ ನಡುವೆ ಒಂದು ಬಲ್ಬು ಉರಿಸಿ, ಸ್ಟ್ಯಾಂಡ್ ಇರುವ ಗ್ಲೋಬನ್ನು ದೊಡ್ಡವರ ಕೈಗೆ ಕೊಟ್ಟು, "ಒಂದು ವರ್ಷ ತೋರಿಸಿ ನೋಡೋಣ" ಅನ್ನುತ್ತೇನೆ. ಶುರು ಚೆನ್ನಾಗಿಯೇ ಇರುತ್ತದೆ. ಉತ್ತರ ಧ್ರುವ ಬಲ್ಬಿನ ಕಡೆ ವಾಲಿದೆ, ಅಲ್ಲಿ ಬೇಸಿಗೆ. ಆಮೇಲೆ ಬಲ್ಬಿನ ಸುತ್ತ ನಡೆಯುತ್ತಾರೆ. ನಡೆಯುತ್ತಾ ಮಣಿಕಟ್ಟು ತನ್ನಷ್ಟಕ್ಕೆ ತಾನೇ ತಿರುಗುತ್ತದೆ. ಆಚೆ ಬದಿ ತಲುಪಿದಾಗಲೂ ಉತ್ತರ ಧ್ರುವ ಬಲ್ಬನ್ನೇ ನೋಡುತ್ತಿರುತ್ತದೆ. ಅಯ್ಯೋ, ಈಗ ಚಳಿಗಾಲ ಬರಬೇಕಿತ್ತಲ್ಲ ಅಂತ ನೆನಪಾಗಿ, ಗ್ಲೋಬನ್ನು ಹಿಡಿದು ಆ ಕಡೆಗೆ ವಾಲಿಸಿಬಿಡುತ್ತಾರೆ. ಮುಗಿಯಿತು. ಮಗುವಿನ ಕಣ್ಣಿಗೆ ಬಿದ್ದದ್ದು ಇಷ್ಟು: ಭೂಮಿ ವರ್ಷಕ್ಕೆರಡು ಸಲ ಆ ಕಡೆ ಈ ಕಡೆ ತಲೆಯಾಡಿಸುತ್ತದೆ.

ಸ್ವಲ್ಪ ಚುರುಕಾದ ಮಗುವಾದರೆ ಅಲ್ಲೇ ಕೇಳುತ್ತದೆ. "ಅಪ್ಪಾ, ಭೂಮಿನ ಯಾರು ವಾಲಿಸ್ತಾರೆ?" ಒಬ್ಬ ತಂದೆ ಸ್ವಲ್ಪವೂ ತಡಮಾಡದೆ "ಗುರುತ್ವಾಕರ್ಷಣೆ ಪುಟ್ಟಾ" ಅಂದರು. ಆ ಧೈರ್ಯಕ್ಕೆ ಮೆಚ್ಚಬೇಕು. ಆದರೆ ಉತ್ತರ ತಪ್ಪು. ಯಾರೂ ವಾಲಿಸುವುದಿಲ್ಲ. ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ, ಜೂನ್‌ನಲ್ಲೂ ಅಷ್ಟೇ, ಡಿಸೆಂಬರ್‌ನಲ್ಲೂ ಅಷ್ಟೇ. ವಾಲಿರುವ ದಿಕ್ಕೂ ಬದಲಾಗುವುದಿಲ್ಲ. ಅಕ್ಷದ ಉತ್ತರ ತುದಿ ವರ್ಷವಿಡೀ ಧ್ರುವ ನಕ್ಷತ್ರದ ಕಡೆಗೇ ಇರುತ್ತದೆ. ಬದಲಾಗುವುದು ಭೂಮಿ ಇರುವ ಜಾಗ. ಜಾಗ ಬದಲಾದಾಗ, ಅದೇ ವಾಲು ಒಮ್ಮೆ ಸೂರ್ಯನ ಕಡೆ ಆಗುತ್ತದೆ, ಇನ್ನೊಮ್ಮೆ ಸೂರ್ಯನಿಗೆ ಬೆನ್ನು ಹಾಕಿದಂತೆ ಆಗುತ್ತದೆ.

ಇದನ್ನು ಎಷ್ಟು ಸಲ ಹೇಳಿದರೂ ಕೈ ಕೇಳುವುದಿಲ್ಲ. ಹಾಗಾಗಿ ಕೈಗೆ ಒಂದು ಕಟ್ಟು ಬೇಕು. ಸ್ಟ್ಯಾಂಡಿನ ಬುಡಕ್ಕೆ, ಉತ್ತರ ಧ್ರುವ ವಾಲಿರುವ ಕಡೆಗೆ, ಕಾಗದದ ಬಾಣ ಅಂಟಿಸಿ. ಕೋಣೆಯಲ್ಲಿ ಒಂದು ಗೋಡೆ ಆರಿಸಿಕೊಳ್ಳಿ, ಗಡಿಯಾರ ಇರುವ ಗೋಡೆಯಾದರೆ ಒಳ್ಳೆಯದು. ಬಲ್ಬಿನ ಸುತ್ತ ಎಲ್ಲಿಗೇ ಹೋಗಿ, ಬಾಣ ಆ ಗೋಡೆಯ ಕಡೆಗೇ ಇರಬೇಕು. ಗೋಡೆಗೂ ಗ್ಲೋಬಿಗೂ ನಡುವೆ ಬಲ್ಬು ಬಂದಾಗ ಉತ್ತರ ಧ್ರುವ ಬೆಳಕಿನಲ್ಲಿರುತ್ತದೆ, ಅದು ಜೂನ್. ಗೋಡೆಗೂ ಬಲ್ಬಿಗೂ ನಡುವೆ ಗ್ಲೋಬು ಬಂದಾಗ ಉತ್ತರ ಧ್ರುವ ಕತ್ತಲಲ್ಲಿ, ದಕ್ಷಿಣ ಧ್ರುವ ಬೆಳಕಲ್ಲಿ. ಅದು ಡಿಸೆಂಬರ್. ನಡುವಿನ ಎರಡು ಜಾಗಗಳಲ್ಲಿ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಬೆಳಕಿನ ಅಂಚು ಎರಡೂ ಧ್ರುವಗಳ ಮೇಲೆ ಹಾದುಹೋಗುತ್ತದೆ. ಒಂದು ಧ್ರುವದಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಇನ್ನೊಂದರಲ್ಲಿ ಮುಳುಗುತ್ತಾನೆ.

ಒಂದು ಎಚ್ಚರಿಕೆ. ಬಲ್ಬು ಗ್ಲೋಬಿನ ಹೊಟ್ಟೆಯ ಮಟ್ಟದಲ್ಲೇ ಇರಬೇಕು. ಮೇಲೆ ತೂಗುವ ದೀಪ ಬಳಸಿದರೆ ಉತ್ತರ ಧ್ರುವದಲ್ಲಿ ವರ್ಷಪೂರ್ತಿ ಹಗಲೇ ಆಗಿಬಿಡುತ್ತದೆ. ಬಲ್ಬಿಗೆ ಮುಚ್ಚಿಗೆ ಬೇಡ, ಕೋಣೆ ಕತ್ತಲಿರಲಿ.

ಗ್ಲೋಬು ಇಲ್ಲದಿದ್ದರೂ ನಡೆಯುತ್ತದೆ. ಮಗುವನ್ನೇ ಭೂಮಿ ಮಾಡಿ, ತಲೆಯೇ ಉತ್ತರ ಧ್ರುವ. ಮುಖ ಗಡಿಯಾರದ ಕಡೆ, ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗಿ, ಬಲ್ಬಿನ ಸುತ್ತ ಒಂದು ಸುತ್ತು. ಗಡಿಯಾರದಿಂದ ಕಣ್ಣು ತೆಗೆಯುವಂತಿಲ್ಲ. ಸ್ವಲ್ಪ ದೂರ ಏಡಿ ಹಾಗೆ ಅಡ್ಡಡ್ಡ ನಡೆಯಬೇಕಾಗುತ್ತದೆ, ಸ್ವಲ್ಪ ದೂರ ಹಿಂದಕ್ಕೆ. ಎಡವುತ್ತಾರೆ, ನಗುತ್ತಾರೆ. ಹಣೆಗೆ ಬೆಳಕು ಬಿದ್ದಾಗ "ಬೇಸಿಗೆ" ಅಂತ ಕೂಗಬೇಕು, ಬೆನ್ನಿಗೆ ಬಿದ್ದಾಗ "ಚಳಿಗಾಲ" ಅಂತ. ತಾನು ಸೊಂಟ ಆಡಿಸಲೇ ಇಲ್ಲ, ಆದರೂ ಕಾಲ ಬದಲಾಯಿತು ಅನ್ನುವುದು ಮೈಗೆ ಗೊತ್ತಾಗುತ್ತದೆ. ದೊಡ್ಡವರೂ ಒಮ್ಮೆ ನಡೆದು ನೋಡಿ ಅಂದರೆ ನಾಚಿಕೊಳ್ಳುತ್ತಾರೆ. ನಿಜವಾಗಿ ಬೇಕಾಗಿರುವುದು ಅವರಿಗೇ.

ಅಕ್ಷದ ದಿಕ್ಕು ಎಂದೆಂದಿಗೂ ಬದಲಾಗುವುದಿಲ್ಲವಾ ಅಂತ ಯಾರಾದರೂ ಹಿಡಿಯುತ್ತಾರೆ, ಅದಕ್ಕೇ ಹೇಳಿಬಿಡುತ್ತೇನೆ. ಬದಲಾಗುತ್ತದೆ, ಸುಮಾರು 26,000 ವರ್ಷಕ್ಕೊಂದು ಸುತ್ತು. ಮಗುವಿನ ಒಂದು ವರ್ಷದ ಲೆಕ್ಕಕ್ಕೆ ಅದು ಬೇಕಾಗಿಲ್ಲ. ಇನ್ನು ಸೂರ್ಯ ಹತ್ತಿರ ಬಂದಾಗ ಬೇಸಿಗೆ ಅನ್ನುವವರಿಗೆ ಒಂದೇ ಮಾತು: ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಆಗ ಉತ್ತರ ಧ್ರುವದಲ್ಲಿ ಸೂರ್ಯನ ಸುಳಿವೇ ಇರುವುದಿಲ್ಲ.

'ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ' ಅನ್ನುವ ಪಾಠವನ್ನು ಮಕ್ಕಳು ಲೈಟಿನ ಸ್ವಿಚ್ಚು ಅಂದುಕೊಂಡಿರುತ್ತಾರೆ. ಅದು ಧ್ರುವದ ಚುಕ್ಕೆಗೆ ಮಾತ್ರ, ಅದೂ ಸರಿಸುಮಾರಾಗಿ ಹೊಂದುವ ಮಾತು. 66.5 ಡಿಗ್ರಿಯ ಧ್ರುವವೃತ್ತದಿಂದ ಧ್ರುವದ ಕಡೆ ಹೋದಂತೆ ಮುಳುಗದ ಸೂರ್ಯನ ದಿನಗಳು ಜಾಸ್ತಿಯಾಗುತ್ತಾ ಹೋಗುತ್ತವೆ. ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ಲಾಂಗ್‌ಇಯರ್‌ಬೀನ್ ಊರು 78 ಡಿಗ್ರಿ ಉತ್ತರದಲ್ಲಿದೆ. ಅಲ್ಲಿ ಏಪ್ರಿಲ್ 20ರ ಸುಮಾರಿನಿಂದ ಆಗಸ್ಟ್ 20 ದಾಟುವ ತನಕ ಸೂರ್ಯ ಮುಳುಗುವುದಿಲ್ಲ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದ ತನಕ ಹುಟ್ಟುವುದಿಲ್ಲ. ಉಳಿದ ತಿಂಗಳುಗಳಲ್ಲಿ ನಮಗೆ ಗೊತ್ತಿರುವ ಹಾಗೆಯೇ ಹಗಲು ರಾತ್ರಿ ಎರಡೂ ಉಂಟು.

ಒಬ್ಬಳು ಪುಟ್ಟ ಹುಡುಗಿ ಕೇಳಿದ್ದಳು: "ಮೇಡಂ, ಧ್ರುವದಲ್ಲಿ ಮಧ್ಯಾಹ್ನ ಎಷ್ಟು ಗಂಟೆಗೆ?" ಎಂಥ ಪ್ರಶ್ನೆ! ಅಲ್ಲಿ ಮಧ್ಯಾಹ್ನವೇ ಇಲ್ಲ. ಸೂರ್ಯ ಏರುವುದು ಇಳಿಯುವುದು ಒಂದು ದಿನದಲ್ಲಿ ಕಾಣುವುದಿಲ್ಲ, ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿ ದಿಗಂತದ ಸುತ್ತ ಸುತ್ತುತ್ತಾನೆ. ಜೂನ್ 21ರ ಸುಮಾರಿಗೆ ಉತ್ತರ ಧ್ರುವದಲ್ಲಿ ಒಂದು ಅಡಿಯ ಕೋಲು ನೆಟ್ಟರೆ, ಸುಮಾರು 2.3 ಅಡಿ ಉದ್ದದ ನೆರಳು ಬೀಳುತ್ತದೆ. ಇಪ್ಪತ್ತನಾಲ್ಕು ಗಂಟೆಯೂ ಅಷ್ಟೇ ಉದ್ದ. ನೆರಳು ಕುಗ್ಗುವುದಿಲ್ಲ, ಹಿಗ್ಗುವುದಿಲ್ಲ, ಗಂಟೆಗೆ 15 ಡಿಗ್ರಿಯಂತೆ ಕೋಲಿನ ಸುತ್ತ ತಿರುಗುತ್ತದೆ. ಮನೆಯಲ್ಲಿ ಕಡ್ಡಿ ನೆಟ್ಟು, ಅದರ ಸುತ್ತ ಟಾರ್ಚನ್ನು ಒಂದೇ ಎತ್ತರದಲ್ಲಿ ಹಿಡಿದು ಬನ್ನಿ, ಕಾಣುತ್ತದೆ. ಬಲಕ್ಕೆ ಸರಿಯುತ್ತಾ ಸುತ್ತಿದರೆ ಟಾರ್ಚು ದಕ್ಷಿಣ ಧ್ರುವದ ಸೂರ್ಯ, ಎಡಕ್ಕೆ ಸರಿದರೆ ಉತ್ತರ ಧ್ರುವದ್ದು.

ರಾತ್ರಿಯೂ ಧಡಕ್ಕನೆ ಬೀಳುವುದಿಲ್ಲ. ದಕ್ಷಿಣ ಧ್ರುವದಲ್ಲಿ ಮಾರ್ಚ್‌ನಲ್ಲಿ ಸೂರ್ಯ ಮುಳುಗಿದ ಮೇಲೂ ಸಂಜೆಗೆಂಪು ವಾರಗಟ್ಟಲೆ ಎಳೆಯುತ್ತದೆ. ಗಾಢ ಕತ್ತಲು ಸುಮಾರು ಮೇ ಮಧ್ಯದಿಂದ ಜುಲೈ ಕೊನೆಯ ತನಕ. ಆ ಕತ್ತಲಲ್ಲೂ ಹುಣ್ಣಿಮೆ ಚಂದ್ರ ಮುಳುಗದೆ ಸುತ್ತುತ್ತಿರುತ್ತಾನೆ.

ಆಮೇಲೆ ಬರುವ ಪ್ರಶ್ನೆ ನ್ಯಾಯವಾದದ್ದೇ. ದಿನವಿಡೀ ಬಿಸಿಲಿದ್ದರೆ ಮಂಜುಗಡ್ಡೆ ಯಾಕೆ ಎಲ್ಲಾ ಕರಗಿ ಹೋಗುವುದಿಲ್ಲ? ಬೇಸಿಗೆಯ ನಡುವೆಯೂ ಅಲ್ಲಿ ಸೂರ್ಯ 23.4 ಡಿಗ್ರಿಗಿಂತ ಮೇಲೇರುವುದಿಲ್ಲ. ಓರೆಯಾಗಿ ಬಿದ್ದ ಬೆಳಕು ಎರಡೂವರೆ ಪಟ್ಟು ಜಾಗಕ್ಕೆ ಹರಡಿಹೋಗುತ್ತದೆ. ಬಿದ್ದದ್ದರಲ್ಲೂ ಬಹುಪಾಲನ್ನು ಬಿಳಿ ಹಿಮ ವಾಪಸ್ ಕಳಿಸುತ್ತದೆ. ದಕ್ಷಿಣ ಧ್ರುವ ಸಮುದ್ರಮಟ್ಟದಿಂದ 2,800 ಮೀಟರ್ ಮೇಲಿದೆ ಬೇರೆ. ಹಾಗಾಗಿ ಡಿಸೆಂಬರ್ ಜನವರಿಯಲ್ಲೂ ಅಲ್ಲಿ ಮೈನಸ್ 25, 30 ಡಿಗ್ರಿ ಮಾಮೂಲು. ಉತ್ತರ ಧ್ರುವ ಇರುವುದು ಸಮುದ್ರದ ಮೇಲೆ ತೇಲುವ ಮಂಜಿನಲ್ಲಿ, ಬೇಸಿಗೆಯಲ್ಲಿ ಸೊನ್ನೆ ಡಿಗ್ರಿಯ ಆಸುಪಾಸು.

"ಯಾಕಿಷ್ಟು ಒದ್ದಾಟ ಮೇಡಂ, ವಿಡಿಯೋ ತೋರಿಸಿದರೆ ಸಾಲದಾ?" ಅನ್ನುತ್ತಾರೆ. ತೋರಿಸಿ, ಬೇಡ ಅನ್ನುವುದಿಲ್ಲ. ಆದರೆ ಎಷ್ಟೋ ಚಿತ್ರಗಳಲ್ಲಿ ಭೂಮಿಯ ದಾರಿಯನ್ನು ಮೊಟ್ಟೆಯಾಕಾರಕ್ಕೆ ಎಳೆದಿರುತ್ತಾರೆ. ನಿಜದಲ್ಲಿ ಅದು ಹೆಚ್ಚುಕಡಿಮೆ ದುಂಡಗೇ ಇದೆ. ಚಿತ್ರ ನೋಡಿದ ಮಗು ದೂರದ ಲೆಕ್ಕಕ್ಕೇ ಮರಳುತ್ತದೆ. ಮತ್ತೆ ಬಲ್ಬು ಹಚ್ಚಬೇಕು. ಆರೇಳು ವರ್ಷದೊಳಗಿನವರಿಗೆ ಅಕ್ಷ ಗಿಕ್ಷ ಬೇಡವೇ ಬೇಡ ಅಂತ ನನ್ನ ಅನಿಸಿಕೆ, ಒಂದೊಂದು ಮಗು ಒಂದೊಂದು ಥರ. ಆ ವಯಸ್ಸಿಗೆ ಕಡ್ಡಿ, ಟಾರ್ಚು ಸಾಕು. ಅವರಿಗೆ ಬೇಕಿರುವುದು ಅಲ್ಲಿನವರು ಯಾವಾಗ ಮಲಗ್ತಾರೆ ಅನ್ನುವುದು. ಅದಕ್ಕೆ ಉತ್ತರ ಸುಲಭ. ದಕ್ಷಿಣ ಧ್ರುವದ ಅಮುಂಡ್ಸನ್-ಸ್ಕಾಟ್ ಸಂಶೋಧನಾ ಕೇಂದ್ರದವರು ನ್ಯೂಜಿಲೆಂಡಿನ ಗಡಿಯಾರ ನೋಡಿಕೊಂಡು ಮಲಗುತ್ತಾರೆ. ಸಾಮಾನು ಸರಂಜಾಮು ಬರುವುದು ಆ ಕಡೆಯಿಂದ, ಅದಕ್ಕೇ.