ಬೆಂಕಿ ಕಂಡಷ್ಟೇ ಬಿಸಿ

ದೀಪಾವಳಿ ಕಳೆದು ಹದಿನೈದು ದಿನ ಆಗಿರಬೇಕು. ದಾವಣಗೆರೆಯಿಂದ ಭಾವನ ಫೋನು ಬಂತು. ಶಾಮನೂರು ಕಡೆ ಹೊಸ ಮನೆ ಕಟ್ಟಿಸಿದ್ದಾರೆ. ಹಿತ್ತಲಲ್ಲಿ ಒಂದಿಷ್ಟು ಜಾಗ ಉಳಿದಿದೆ, ಕಡಪಾ ಕಲ್ಲು ಹಾಸಿದ್ದಾರೆ. ಸಂಜೆ ಹೊತ್ತು ಅಲ್ಲಿ ಕೂತು ಚಳಿ ಕಾಯಿಸಿಕೊಳ್ಳಲು ಒಂದು ಅಗ್ಗಿಷ್ಟಿಕೆ ಬೇಕು ಅಂತ ಆಸೆ. ವಾಟ್ಸಾಪ್‌ನಲ್ಲಿ ಮೂರು ಫೋಟೋ ಬಂದವು. ಮೊದಲನೆಯದು ಎರಡು ಪದರದ ಸ್ಟೀಲ್ ಡ್ರಮ್ಮು, ಹೊಗೆಯೇ ಬರಲ್ಲ ಅಂತ ಅಂಗಡಿಯವರ ಮಾತು. ಎರಡನೆಯದು ನಡುವೆ ನೀಲಿ ಗ್ಯಾಸ್ ಉರಿ, ಸುತ್ತ ಗಾಜು ಇರುವ ಟೇಬಲ್ಲು. ಮೂರನೆಯದು ಚಿಮಣಿ ಇರುವ ಇಟ್ಟಿಗೆ ಗೂಡು.

"ಯಾವುದು ಜಾಸ್ತಿ ಬಿಸಿ ಕೊಡುತ್ತೆ ಹೇಳಪ್ಪ, ಫಿಸಿಕ್ಸ್ ಪಾಠ ಮಾಡೋನು ನೀನು" ಅಂದರು. "ಜಾಗ ಮಾತ್ರ ಕೇಳಬೇಡ. ವಾಸ್ತು ನೋಡೋರು ಆಗ್ನೇಯ ಮೂಲೆ ಅಂತ ಹೇಳಿ ಹೋಗಿದ್ದಾರೆ."

ಜಾಗದ ಮಾತು ಬಿಡೋಕಾಗುತ್ತಾ? ಆದರೆ ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಬಿಸಿಯ ವಿಚಾರ.

ಬೆಂಕಿ ಸುತ್ತಲಿನ ಗಾಳಿಯನ್ನು ಕಾಯಿಸುತ್ತದೆ, ಆ ಗಾಳಿ ನಮ್ಮನ್ನು ಕಾಯಿಸುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬಾಗಿಲು ಹಾಕಿದ ಕೋಣೆಯಲ್ಲಿ ಅದು ಅಷ್ಟಿಷ್ಟು ನಿಜ. ಬಯಲಲ್ಲಿ ಶುದ್ಧ ಸುಳ್ಳು. ಬಿಸಿ ಗಾಳಿ ಹಗುರ, ಹುಟ್ಟಿದ ಕ್ಷಣದಲ್ಲೇ ಮೇಲಕ್ಕೆ ಹೊರಟುಹೋಗುತ್ತದೆ. ಆ ಜಾಗ ತುಂಬಲು ಸುತ್ತಲಿಂದ ತಣ್ಣನೆ ಗಾಳಿ ನುಗ್ಗುತ್ತದೆ. ನುಗ್ಗುವಾಗ ನಿಮ್ಮ ಬೆನ್ನು ಸವರಿಕೊಂಡೇ ಬರುತ್ತದೆ. ಮುಖ ಸುಡುತ್ತಿದ್ದರೂ ಬೆನ್ನು ನಡುಗುವುದು ಹೀಗೆ.

ಹಾಗಾದರೆ ಮುಖ ಸುಡುತ್ತಿರುವುದು ಯಾವುದು? ಬೆಂಕಿ ಮುಂದೆ ಕೂತಾಗ ಒಂದು ಊಟದ ತಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದು ನೋಡಿ. ಬಿಸಿ ಆ ಕ್ಷಣವೇ ನಿಲ್ಲುತ್ತದೆ. ತೆಗೆದರೆ ಆ ಕ್ಷಣವೇ ಬರುತ್ತದೆ. ಗಾಳಿಯಿಂದ ಬರುವ ಬಿಸಿ ಇಷ್ಟು ಚುರುಕಾಗಿ ಹೋಗಿ ಬರಲು ಸಾಧ್ಯವಿಲ್ಲ. ಇದು ಬೆಳಕಿನ ಕೆಲಸ, ಕಣ್ಣಿಗೆ ಕಾಣದ ಬೆಳಕಿನದು. 1800ರಲ್ಲಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಬಿಸಿಲನ್ನು ಬಣ್ಣ ಬಣ್ಣವಾಗಿ ಬಿಡಿಸಿ, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟ. ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿ, ಪಾದರಸ ಎಲ್ಲಕ್ಕಿಂತ ಮೇಲೆ ಏರಿತು. ಅವಗೆಂಪು (ಇನ್‌ಫ್ರಾರೆಡ್) ಕಿರಣ ಅಂತ ನಾವು ಓದುವುದು ಅದನ್ನೇ.

ಬೆಳಕು ಅಂದ ಮೇಲೆ ಬೆಳಕಿನ ನಿಯಮಗಳೇ. ಅದು ನೇರ ಹೋಗುತ್ತದೆ, ಮೂಲೆ ತಿರುಗುವುದಿಲ್ಲ. ನೀವು ಕೂತ ಜಾಗದಿಂದ ಕೆಂಡ ಕಂಡರೆ ಕೆಂಡದ ಬಿಸಿ ನಿಮ್ಮದು, ಕಾಣದಿದ್ದರೆ ಇಲ್ಲ. ದೂರ ಎರಡರಷ್ಟಾದರೆ ಬಿಸಿ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. 3 ಅಡಿಯಲ್ಲಿದ್ದ ಕುರ್ಚಿಯನ್ನು 6 ಅಡಿಗೆ ಎಳೆದರೆ ಶಾಲು ಬೇಕಾಗುವುದು ಅದಕ್ಕೇ.

ಈಗ ನನಗೆ ಬಹಳ ಇಷ್ಟದ ಭಾಗ. ಕಾದ ವಸ್ತು ಎಷ್ಟು ಶಾಖ ಬೀರುತ್ತದೆ ಅನ್ನುವುದಕ್ಕೆ 1879ರಲ್ಲಿ ವಿಯೆನ್ನಾದ ಜೋಸೆಫ್ ಸ್ಟೆಫಾನ್ ಒಂದು ನಿಯಮ ಹೇಳಿದ. ತಾಪಮಾನವನ್ನು ಮೈನಸ್ 273 ಡಿಗ್ರಿಯಿಂದ ಎಣಿಸಿ, ಬಂದ ಸಂಖ್ಯೆಯನ್ನು ನಾಲ್ಕು ಸಲ ಬರೆದು ಗುಣಿಸಬೇಕು. ಹಾಗೆ ಎಣಿಸಿದರೆ 27 ಡಿಗ್ರಿಯ ಕಲ್ಲು 300ರಲ್ಲಿದೆ. 327 ಡಿಗ್ರಿಗೆ ಕಾಯಿಸಿದರೆ 600. ಎರಡು ಪಟ್ಟು ಆಯಿತು, ಆದರೆ ಬೀರುವ ಶಾಖ 16 ಪಟ್ಟು. 627 ಡಿಗ್ರಿಯಲ್ಲಿ, ಅಂದರೆ ಕೆಂಪಗೆ ಕಾದಾಗ, 81 ಪಟ್ಟು. ಕಿತ್ತಳೆ ಬಣ್ಣಕ್ಕೆ ತಿರುಗಿ 927 ಮುಟ್ಟಿದರೆ 256 ಪಟ್ಟು.

ಇದು ಬಡ್ಡಿಗೆ ಬಡ್ಡಿ, ಅದಕ್ಕೂ ಬಡ್ಡಿ, ಅದರ ಮೇಲೂ ಬಡ್ಡಿ. ಅಥವಾ ನಮ್ಮ ಮಿರ್ಚಿ ಲೆಕ್ಕ ಅನ್ನಿ. ಮೊದಲನೆಯದು ರುಚಿ, ಎರಡನೆಯದು ಖಾರ, ಮೂರನೆಯದಕ್ಕೆ ಕಣ್ಣೀರು, ನಾಲ್ಕನೆಯದಕ್ಕೆ ಕಿವಿಯಲ್ಲಿ ಹೊಗೆ. ಇನ್ನೊಂದು ಹೋಲಿಕೆ ಕೊಡದೆ ಇರಲಾರೆ: ದುರ್ಗದ ಬಂಡೆ ಮಧ್ಯಾಹ್ನವೆಲ್ಲ ಕಾದು ರಾತ್ರಿ ಎಂಟರವರೆಗೂ ಬೆಚ್ಚಗಿರುತ್ತದಲ್ಲ, ಅಷ್ಟು ದೊಡ್ಡ ಬಂಡೆಯ ಬಾಗಿಲಿನಷ್ಟಗಲದ ಮೈ ಬೀರುವ ಶಾಖವನ್ನು ಒಂದು ಮೊರದಷ್ಟು ನಿಗಿನಿಗಿ ಕೆಂಡ ಸಲೀಸಾಗಿ ಮೀರಿಸುತ್ತದೆ. ಉರಿ ಎಷ್ಟೆತ್ತರ ಅನ್ನುವುದಕ್ಕೆ ಅಷ್ಟು ಬೆಲೆಯಿಲ್ಲ. ಕೆಂಡ ಎಷ್ಟು ಕಾದಿದೆ, ಅದರ ಎಷ್ಟು ಅಗಲ ನಿಮಗೆ ಕಾಣುತ್ತಿದೆ, ಇವೆರಡನ್ನು ನೋಡಬೇಕು.

ಈ ಕನ್ನಡಕ ಹಾಕಿಕೊಂಡು ಭಾವನ ಫೋಟೋಗಳನ್ನು ನೋಡೋಣ. ಗ್ಯಾಸ್ ಟೇಬಲ್ಲು ಮೊದಲೇ ಬಿದ್ದುಹೋಯಿತು. ಸೌದೆಯ ಉರಿ ಹಳದಿ ಕಾಣುವುದು ಅದರೊಳಗಿನ ಮಸಿಯ ಕಣಗಳು ಕಾದು ಹೊಳೆಯುವುದರಿಂದ. ನೀಲಿ ಉರಿಯಲ್ಲಿ ಮಸಿ ಇಲ್ಲ, ಹಾಗಾಗಿ ಪಕ್ಕಕ್ಕೆ ಬೀರುವ ಶಾಖವೂ ಕಡಿಮೆ. ಸಿಲಿಂಡರ್ ಖಾಲಿಯಾಗುತ್ತದೆ, ಬಿಸಿ ಆಕಾಶಕ್ಕೆ ಹೋಗುತ್ತದೆ. ಸುತ್ತ ಇಟ್ಟ ಗಾಜು ಉಳಿದ ಅವಗೆಂಪು ಕಿರಣದಲ್ಲೂ ದೊಡ್ಡ ಪಾಲನ್ನು ತಡೆಯುತ್ತದೆ. ಹೊರಗೆ ಇಡುವ ಒಳ್ಳೆಯ ಗ್ಯಾಸ್ ಹೀಟರುಗಳಲ್ಲಿ ಉರಿಯ ಮೇಲೆ ಜಾಲರಿಯನ್ನೋ ಪಿಂಗಾಣಿ ಹಲಗೆಯನ್ನೋ ಇಟ್ಟು ಅದನ್ನು ಕೆಂಪಗೆ ಕಾಯಿಸುತ್ತಾರೆ. ನೋಡಲು ಚಂದ ಅಂತಿದ್ದರೆ ಟೇಬಲ್ಲು ಕೊಳ್ಳಿ, ಬೇಡ ಅನ್ನುವುದಿಲ್ಲ.

ಎರಡು ಪದರದ ಡ್ರಮ್ಮಿನ ವಿಷಯ ಬೇರೆ. ಅಂಗಡಿಯವರು ಪೂರ್ತಿ ಸುಳ್ಳು ಹೇಳಿಲ್ಲ. ಹೊಗೆ ಅಂದರೆ ಉರಿಯದೆ ಉಳಿದ ಸೌದೆ. ಒಣ ಸೌದೆಯ ತೂಕದಲ್ಲಿ ನೂರಕ್ಕೆ ಸುಮಾರು 80 ಭಾಗ ಕಾದಾಗ ಅನಿಲವಾಗಿ ಹೊರಗೆ ಬರುತ್ತದೆ. ಅದಕ್ಕೆ ಸಾಕಷ್ಟು ಬಿಸಿ ಮತ್ತು ಗಾಳಿ ಸಿಕ್ಕರೆ ಉರಿ, ಸಿಗದಿದ್ದರೆ ಹೊಗೆ. ಮೇಣದ ಬತ್ತಿ ಆರಿಸಿ, ಏಳುವ ಬಿಳಿ ಎಳೆಗೆ ಕಡ್ಡಿ ಹಿಡಿದರೆ ಬೆಂಕಿ ಹೊಗೆಯ ಗುಂಟ ಇಳಿದು ಬತ್ತಿ ಮತ್ತೆ ಹತ್ತಿಕೊಳ್ಳುತ್ತದೆ. ಮೈಕೆಲ್ ಫ್ಯಾರಡೆ ಮಕ್ಕಳಿಗೆ ಇದನ್ನು ಮಾಡಿ ತೋರಿಸಿದ್ದ. ಡ್ರಮ್ಮಿನ ಎರಡು ಪದರದ ನಡುವೆ ಗಾಳಿ ಕಾದು, ಮೇಲಂಚಿನ ತೂತುಗಳಿಂದ ಹೊಗೆಯ ಮೇಲೆ ಬಂದು ಬೀಳುತ್ತದೆ. ಹೊಗೆಯೇ ಉರಿದುಹೋಗುತ್ತದೆ. ಸೊಗಸಾದ ಯೋಚನೆ. ಆದರೆ ಕೆಂಡ ಎಲ್ಲಿದೆ? ಡ್ರಮ್ಮಿನ ತಳದಲ್ಲಿ. ಕುರ್ಚಿಯಲ್ಲಿ ಕೂತವರಿಗೆ ಕಾಣುವುದು ಹೊರಗಿನ ತಗಡು ಮಾತ್ರ. ಮೇಲೆ ಕೈ ಚಾಚಿದರೆ ಸುಡುತ್ತದೆ, ಮೊಣಕಾಲು ತಣ್ಣಗೆ.

ಇಲ್ಲಿ ಬೆಂಗಳೂರಿನ ಅಸ್ತ್ರ ಒಲೆ ನೆನಪಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಶುರುಮಾಡಿದ ಅಸ್ತ್ರ ಕೇಂದ್ರ ರೂಪಿಸಿದ ಒಲೆ ಅದು. ಮೂರು ಪಾತ್ರೆ, ಒಂದು ಹೊಗೆಕೊಳವೆ, ಸೌದೆ ಅರ್ಧಕ್ಕರ್ಧ ಉಳಿತಾಯ ಅಂತ ಹಳ್ಳಿ ಹಳ್ಳಿಗೆ ಹೋಯಿತು. ನಮ್ಮಜ್ಜಿಗೆ ಮಾತ್ರ ಒಂದು ದೂರು. "ಒಲೆ ಚಂದಾಗೈತಿ, ಆದ್ರ ಮುಂದೆ ಕುಂತ್ರ ಚಳಿ ಹೋಗಲ್ಲ" ಅನ್ನುತ್ತಿದ್ದರು. ಅಜ್ಜಿ ಹೇಳಿದ್ದು ಸರಿ. ಒಳ್ಳೆಯ ಅಡುಗೆ ಒಲೆ ಬೆಂಕಿಯನ್ನು ಬಚ್ಚಿಟ್ಟು ಎಲ್ಲ ಬಿಸಿಯನ್ನೂ ಪಾತ್ರೆಗೆ ಕೊಡುತ್ತದೆ. ಚಳಿ ಕಾಯಿಸುವ ಒಲೆ ಬೆಂಕಿಯನ್ನು ತೋರಿಸಬೇಕು. ಒಂದೇ ಒಲೆ ಎರಡನ್ನೂ ಚೆನ್ನಾಗಿ ಮಾಡುತ್ತದೆ ಅಂತ ಯಾರಾದರೂ ಮಾರಲು ಬಂದರೆ ಎದ್ದು ಬನ್ನಿ.

ಉಳಿದದ್ದು ಇಟ್ಟಿಗೆ ಗೂಡು. ಫೋಟೋದಲ್ಲಿದ್ದದ್ದು ಆಳವಾದ ಚೌಕ ಗೂಡು, ಮೇಲೆ ಚಿಮಣಿ. ಇಂಥವನ್ನು ನೋಡಿ ಸಿಟ್ಟಾದ ಒಬ್ಬ ಮನುಷ್ಯ ಇದ್ದ: ಕೌಂಟ್ ರಂಫರ್ಡ್. ನಿಜವಾದ ಹೆಸರು ಬೆಂಜಮಿನ್ ಥಾಮ್ಸನ್. 1753ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಬ್ರಿಟಿಷರ ಪರ ಗೂಢಚಾರಿಕೆ ಮಾಡಿ, ಊರು ಬಿಟ್ಟು ಓಡಿ, ಬವೇರಿಯಾದ ದೊರೆಯ ಸೈನ್ಯ ನೋಡಿಕೊಂಡ ಭೂಪ. ಫಿರಂಗಿ ನಳಿಗೆ ಕೊರೆಯುವಾಗ ಹುಟ್ಟುವ ಬಿಸಿಯಲ್ಲೇ ನೀರು ಕುದಿಸಿ ತೋರಿಸಿದವನೂ ಇವನೇ. 1790ರ ದಶಕದಲ್ಲಿ ಲಂಡನ್ನಿನ ಅಗ್ಗಿಷ್ಟಿಕೆಗಳಿಗೆ ಕೈ ಹಾಕಿದ. ಗೂಡಿನ ಆಳ ಕಡಿಮೆ ಮಾಡಿದ. ಹಿಂದಿನ ಗೋಡೆಯ ಅಗಲವನ್ನು ಬಾಯಿಯ ಅಗಲದ ಮೂರರಲ್ಲಿ ಒಂದು ಪಾಲಿಗೆ ಇಳಿಸಿದ. ಪಕ್ಕದ ಗೋಡೆಗಳನ್ನು ಮೊರದ ಹಾಗೆ ಹೊರಕ್ಕೆ ಅರಳಿಸಿದ. ಆಗ ಕೆಂಡದ ಜೊತೆ ಕಾದ ಇಟ್ಟಿಗೆಗಳೂ ಕೂತವರನ್ನು ನೋಡತೊಡಗಿದವು. ಸ್ಟೆಫಾನನ ನಿಯಮ ಬರಲು ಇನ್ನೂ ಎಂಬತ್ತು ವರ್ಷ ಬಾಕಿ ಇತ್ತು.

ನಾನು ಭಾವನಿಗೆ ಹೇಳಿದ್ದು ಇಷ್ಟೇ. ಮೂರೂ ಬೇಡ. ಊರಿನ ಕೆಂಪು ಇಟ್ಟಿಗೆ ತರಿಸಿ, ಮೊರದ ಆಕಾರದಲ್ಲಿ 2 ಅಡಿ ಎತ್ತರಕ್ಕೆ ಮೂರು ಗೋಡೆ ಕಟ್ಟಿಸಿ, ಬಾಯಿ ಬೆಂಚಿನ ಕಡೆ ಇರಲಿ. ಸಿಮೆಂಟ್ ಬ್ಲಾಕ್ ಬೇಡ, ಅದು ಕಾದರೆ ಬಿರಿಯುತ್ತದೆ. ಸುಟ್ಟ ಇಟ್ಟಿಗೆ ಭಟ್ಟಿಯಲ್ಲಿ ಇದಕ್ಕಿಂತ ದೊಡ್ಡ ಬೆಂಕಿ ಕಂಡೇ ಬಂದಿದೆ. ಗಾರೆಗೆ ಜೇಡಿಮಣ್ಣು ಮತ್ತು ಮರಳು ಸಾಕು. ಕಡಪಾ ಕಲ್ಲಿನ ಮೇಲೆ ಮರಳು ಹರಡಿ, ಇಟ್ಟಿಗೆ ಹಾಸಿ, ಅದರ ಮೇಲೆ ಬೆಂಕಿ. ಮನೆ ಗೋಡೆಗೂ ತೆಂಗಿನ ಗರಿಗೂ 10 ಅಡಿ ದೂರ. ಸತು ಬಳಿದ ಹಳೇ ಡ್ರಮ್ಮು ಪುಕ್ಕಟೆ ಸಿಕ್ಕರೂ ಬೇಡ. ಸತು 420 ಡಿಗ್ರಿಗೇ ಕರಗುತ್ತದೆ, ಇನ್ನೂ ಕಾದರೆ ಅದರ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ.

ಗಾರೆಯವರು ಬರುವುದು ತಡವಾಯಿತು. ಅಷ್ಟರಲ್ಲಿ ಅಕ್ಕನ ಮಗ ಹಳ್ಳದಿಂದ ನುಣುಪಾದ ಗುಂಡುಕಲ್ಲು ತಂದು ಸುತ್ತ ಜೋಡಿಸಿ ಬೆಂಕಿ ಹಾಕಿಬಿಟ್ಟ. ಎರಡನೇ ಸಂಜೆ 'ಟಪ್' ಅಂತ ಸದ್ದು. ಉಗುರಿನಷ್ಟು ಚಕ್ಕೆ ಹಾರಿ ಅಕ್ಕನ ಕೈಯಲ್ಲಿದ್ದ ಚೊಂಬಿಗೆ ಬಡಿಯಿತು. ಚೊಂಬು ನೆಗ್ಗಿತು. ಅಕ್ಕ ದೃಷ್ಟಿ ತೆಗೆದಳು.

ದೃಷ್ಟಿಗೂ ಇದಕ್ಕೂ ಸಂಬಂಧವಿಲ್ಲ, ಮಂಡಕ್ಕಿಗೆ ಇದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಳಗೆ ಹೋಗಿ ನೋಡಿ. ಕಾದ ಕಪ್ಪು ಮರಳಿಗೆ ಅಕ್ಕಿ ಸುರಿಯುತ್ತಾರೆ. ಕೆಲವೇ ಸೆಕೆಂಡು. ಕಾಳಿನೊಳಗಿನ ತೇವ ಒಮ್ಮೆಲೇ ಹಬೆಯಾಗಿ, ಹೊರಬರಲು ದಾರಿ ಸಿಗದೆ ಕಾಳನ್ನೇ ಉಬ್ಬಿಸುತ್ತದೆ. ನೀರು ಹಬೆಯಾದರೆ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಹಳ್ಳದ ಕಲ್ಲಿನ ಸಂದುಗಳಲ್ಲೂ ನೀರು ಕೂತಿರುತ್ತದೆ. ಅಕ್ಕಿ ಮೆತ್ತಗೆ ಉಬ್ಬುತ್ತದೆ, ಕಲ್ಲಿಗೆ ಉಬ್ಬಲು ಬರುವುದಿಲ್ಲ. ಒಣಗಿದ ಗ್ರಾನೈಟನ್ನೂ ನಂಬಬೇಡಿ. ಅದರಲ್ಲಿರುವ ಬೆಣಚು ಕಲ್ಲಿನ ಹರಳುಗಳು 573 ಡಿಗ್ರಿಯಲ್ಲಿ ಒಳಗಿನ ಜೋಡಣೆಯನ್ನೇ ಬದಲಿಸಿಕೊಂಡು ಹಿಗ್ಗುತ್ತವೆ, ಅಕ್ಕಪಕ್ಕದ ಹರಳುಗಳು ಅಷ್ಟು ಹಿಗ್ಗುವುದಿಲ್ಲ. ಬಿಸಿ ತಾಗಿದ ಮೇಲ್ಮೈಗೂ ತಣ್ಣಗಿರುವ ಒಳಗಿಗೂ ಜಗಳ ಬೇರೆ. ನಮ್ಮ ಕಡೆ ಕಲ್ಲು ಒಡೆಯುವವರು ಹಿಂದೆ ಬಂಡೆಯ ಮೇಲೆ ಸೌದೆ ಉರಿಸಿ ಚಪ್ಪಡಿ ಎಬ್ಬಿಸುತ್ತಿದ್ದದ್ದು ಈ ಜಗಳದ ಲಾಭ ಪಡೆದೇ.

ಈಗ ಆಗ್ನೇಯ. ಭಾವನ ಹಿತ್ತಲು ಮನೆಯ ದಕ್ಷಿಣಕ್ಕೆ ಉದ್ದಕ್ಕೆ ಇದೆ. ಚಳಿಗಾಲದಲ್ಲಿ ನಮ್ಮಲ್ಲಿ ಬೀಸುವುದು ಮೂಡಗಾಳಿ. ಆಗ್ನೇಯ ಮೂಲೆಯಲ್ಲಿ ಬೆಂಕಿ ಹಾಕಿದರೆ ಹೊಗೆ ಇಡೀ ಹಿತ್ತಲನ್ನು ಸುತ್ತಿಕೊಂಡು, ಬೆಂಚಿನ ಮೇಲೆ ಕೂತವರ ಕಣ್ಣಿಗೆ ಬಿದ್ದು, ಆಮೇಲೆ ಪಶ್ಚಿಮಕ್ಕೆ ಹೋಗುತ್ತದೆ. ಪಶ್ಚಿಮದ ಕಾಂಪೌಂಡಿನ ಹತ್ತಿರ ಇಟ್ಟರೆ ಪಕ್ಕದ ಖಾಲಿ ಸೈಟಿಗೆ ಹೋಗುತ್ತದೆ. ಇದನ್ನು ತಿಳಿಯಲು ಪಂಚಾಂಗ ಬೇಡ, ಊದಿನಕಡ್ಡಿ ಸಾಕು. ಮೂರು ಸಂಜೆ ಏಳು ಗಂಟೆಗೆ ಹಿತ್ತಲಲ್ಲಿ ಹಚ್ಚಿ ಹೊಗೆ ಯಾವ ಕಡೆ ಬಾಗುತ್ತದೆ ನೋಡಿ ಅಂದೆ. ಭಾವ ನೋಡಿದರು. ಮಾತಾಡಲಿಲ್ಲ, ಇಟ್ಟಿಗೆಗಳನ್ನು ಪಶ್ಚಿಮಕ್ಕೆ ಸಾಗಿಸಿದರು.

ಎಲ್ಲಿ ಕೂತರೂ ಹೊಗೆ ನನ್ನ ಕಡೆಗೇ ಬರುತ್ತೆ, ನನ್ನ ಗ್ರಹಚಾರ ಅನ್ನುವವರಿಗೆ ಒಂದು ಮಾತು. ಬೆಂಕಿಗೆ ಸುತ್ತಲಿಂದ ಗಾಳಿ ಬರುತ್ತಿರುತ್ತದೆ. ನಿಮ್ಮ ಮೈ ಒಂದು ಕಡೆಯ ಗಾಳಿಗೆ ಅಡ್ಡ. ಉಳಿದ ಕಡೆಗಳ ಗಾಳಿ ಹೊಗೆಯನ್ನು ನಿಮ್ಮತ್ತ ತಳ್ಳುತ್ತದೆ. ಮೊರದ ಗೂಡಿನಲ್ಲಿ ಈ ಅಡ್ಡದ ಕೆಲಸವನ್ನು ಹಿಂದಿನ ಗೋಡೆ ಮಾಡುತ್ತದೆ, ಹಾಗಾಗಿ ಹೊಗೆ ಗೋಡೆಯತ್ತ ವಾಲುತ್ತದೆ.

ಸೌದೆಗೆ ಬಳ್ಳಾರಿ ಜಾಲಿ ಒಳ್ಳೆಯದು, ಗಟ್ಟಿ ಕೆಂಡ ಬೀಳುತ್ತದೆ. ಹುಣಸೆಯೂ ಆಗಬಹುದು. ಪ್ಲೈವುಡ್ ಚೂರು, ಬಣ್ಣ ಬಳಿದ ಕಿಟಕಿ, ಕಣಗಿಲೆ ಕಡ್ಡಿ ಬೇಡವೇ ಬೇಡ, ಅವುಗಳ ಹೊಗೆ ವಿಷ. ಹಸಿ ಸೌದೆಯ ನೀರು ಎಲ್ಲ ಬಿಸಿಯನ್ನೂ ನುಂಗುತ್ತದೆ ಅನ್ನುತ್ತಾರೆ. ಅರ್ಧ ತೂಕ ನೀರೇ ಇದ್ದರೂ ಅದನ್ನು ಆವಿ ಮಾಡಲು ಹೋಗುವುದು ಸೌದೆಯ ಶಕ್ತಿಯ ಏಳರಲ್ಲಿ ಒಂದು ಪಾಲು ಮಾತ್ರ. ನಿಜವಾದ ನಷ್ಟ ಬೆಂಕಿ ತಣ್ಣಗಾಗುವುದರಲ್ಲಿದೆ. 927 ಡಿಗ್ರಿಯ ಕೆಂಡ 627ಕ್ಕೆ ಇಳಿದರೆ 256 ಇದ್ದದ್ದು 81 ಆಯಿತು, ಅಲ್ವಾ? ಮೇಲಿಂದ ಹೊಗೆ. ಸೀಳಿ, ಒಂದು ಬೇಸಿಗೆ ಒಣಗಿಸಿ.

ನನಗೆ ನಿಜವಾಗಿ ಹೆದರಿಕೆ ಇರುವುದು ಒಂದೇ. ಹೊಗೆ ನಿಂತ ಕೆಂಡವನ್ನು ಬಾಣಲೆಯಲ್ಲಿ ತುಂಬಿ ಮಲಗುವ ಕೋಣೆಗೆ ಒಯ್ಯುವುದು. ಹೊಗೆ ಇಲ್ಲ, ಇನ್ನೇನು ಅಪಾಯ ಅಂತ ಕಿಟಕಿ ಮುಚ್ಚಿ ಮಲಗುತ್ತಾರೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರು ಏಳುವುದಿಲ್ಲ. ಹೊರಗಿನ ಬೆಂಕಿ ಹೊರಗೇ ಇರಲಿ.

ಡಿಸೆಂಬರ್ ಕೊನೆಗೆ ದುರ್ಗದಿಂದ ಹೋಗಿ ಎರಡು ದಿನ ಇದ್ದು ಬಂದೆ. ರಾತ್ರಿ ಒಂಬತ್ತಕ್ಕೆ ಜಾಲಿ ಕೊರಡು ಉರಿದು ಕೆಂಡವಾಗಿತ್ತು, ಹಿಂದಿನ ಇಟ್ಟಿಗೆಯೂ ಕಾದಿತ್ತು. ಮಂಡಕ್ಕಿ ಮಿರ್ಚಿ ಮುಗಿಯುವ ಹೊತ್ತಿಗೆ ಭಾವ ಸ್ವೆಟರ್ ತೆಗೆದಿದ್ದರು. ಬೆನ್ನಿಗೆ ಮಾತ್ರ ಎಲ್ಲರಿಗೂ ಕಂಬಳಿ. ಬೆಳಗ್ಗೆ ಏಳಕ್ಕೆ ಅಕ್ಕ ಬೂದಿಯನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ತುಂಬಿ ತೆಂಗಿನ ಬುಡಕ್ಕೆ ಹಾಕಲು ಹೊರಟಳು. ಬೂದಿಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ, ಹತ್ತಿಯ ಹಾಗೆ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಬೂದಿ ಮುಚ್ಚಿದ ಕೆಂಡ ಅಂತ ಸುಮ್ನೆ ಹೇಳಿಲ್ಲ. ಎಂಟು ಹೆಜ್ಜೆ ಹೋಗುವಷ್ಟರಲ್ಲಿ ಬಕೆಟ್ಟಿನ ತಳ ಕಳಚಿ ಬಿತ್ತು. ಈಗ ಅಲ್ಲಿ ಹಳೇ ಎಣ್ಣೆ ಡಬ್ಬ ಇಟ್ಟಿದ್ದಾರೆ, ಪಕ್ಕದಲ್ಲಿ ಒಂದು ಕೊಡ ನೀರು.