ಓದುಗರ ಪ್ರಶ್ನೆ: ಧಾರವಾಡದ ಪಿನ್‌ಕೋಡ್ ಅವಿಭಾಜ್ಯ ಸಂಖ್ಯೆಯೇ?

"ನಮ್ಮ ಧಾರವಾಡದ ಪಿನ್‌ಕೋಡ್ 580001 ಅವಿಭಾಜ್ಯ ಸಂಖ್ಯೆ ಅಂತ ಮಗಳು ಹೇಳ್ತಾಳ್ರಿ. ಖರೇ ಏನು? ಖಾತ್ರಿ ಮಾಡ್ಕೊಳ್ಳಲಿಕ್ಕೆ ಅದಕ್ಕಿಂತ ಸಣ್ಣ ಸಂಖ್ಯೆ ಎಲ್ಲಾದರಿಂದಲೂ ಭಾಗಿಸಿ ನೋಡಬೇಕೇನು?"

ಖರೇ. 580001 ಅನ್ನು 1 ಮತ್ತು ಅದೇ ಸಂಖ್ಯೆ ಬಿಟ್ಟರೆ ಬೇರಾವುದೂ ನಿಶ್ಶೇಷವಾಗಿ ಭಾಗಿಸುವುದಿಲ್ಲ. ಆದರೆ ಅಷ್ಟೆಲ್ಲ ಭಾಗಾಕಾರ ಬೇಕಿಲ್ಲ. ಎರಡು ಸಂಖ್ಯೆಗಳನ್ನು ಗುಣಿಸಿದರೆ 580001 ಬರಬೇಕು ಅಂದುಕೊಳ್ಳಿ. ಎರಡೂ 762 ಅಥವಾ ಅದಕ್ಕಿಂತ ದೊಡ್ಡವಾಗಿದ್ದರೆ ಗುಣಲಬ್ಧ ಕನಿಷ್ಠ 580644 ಆಗಿ, ಮಿತಿ ಮೀರುತ್ತದೆ. ಹಾಗಾಗಿ ಒಂದಾದರೂ 761ರ ಒಳಗೇ ಇರಬೇಕು. ಅಲ್ಲಿಯೂ ಅವಿಭಾಜ್ಯಗಳನ್ನಷ್ಟೇ ನೋಡಿದರೆ ಸಾಕು. ಅವು ಒಟ್ಟು 135. ಒಂದು ಸಂಜೆಯ ಕೆಲಸ, ಮಕ್ಕಳಿಂದ ಮಾಡಿಸಲೇಬೇಕಾದ ಕೆಲಸ. 29ರ ಸರದಿ ಬಂದಾಗ ಸ್ವಲ್ಪ ನಿಂತು ನೋಡಿ: 29 × 20000 = 580000. ಒಂದೇ ಒಂದು ಉಳಿಯುತ್ತದೆ!

ಗದಗಿನ 582101 ನೋಡಲು ಇದರಂತೆಯೇ ಇದೆ, ಆದರೆ ಅವಿಭಾಜ್ಯ ಅಲ್ಲ. ಅದನ್ನು ಹಿಡಿಯುವ ಉಪಾಯ ನನಗೆ ಬಹಳ ಇಷ್ಟ. ಮೂರು ಮೂರು ಅಂಕಿಗಳಾಗಿ ಒಡೆದು ಕಳೆಯಿರಿ: 582 − 101 = 481. ಈ 481 ಎಂದರೆ 13 × 37. ಅಲ್ಲಿಗೆ 582101 ಕೂಡ 13ರಿಂದ ಭಾಗವಾಗುತ್ತದೆ: 13 × 44777. ಯಾಕೆಂದರೆ 7 × 11 × 13 = 1001, ಮತ್ತು ನಮ್ಮ ಸಂಖ್ಯೆ 582 × 1001ಕ್ಕಿಂತ ಸರಿಯಾಗಿ 481 ಕಡಿಮೆ. 7, 11, 13 ಮೂರನ್ನೂ ಒಂದೇ ಕಳೆಯುವ ಲೆಕ್ಕದಲ್ಲಿ ಪರೀಕ್ಷಿಸಿದಂತಾಯಿತು. ಹಾವೇರಿಯ 581110, ಹುಬ್ಬಳ್ಳಿಯ 580020 ಸೊನ್ನೆಯಿಂದ ಕೊನೆಯಾಗುವುದರಿಂದ ಅಲ್ಲಿ ಪ್ರಶ್ನೆಯೇ ಇಲ್ಲ.

ನೂರಾರು ಅಂಕಿಗಳ ಸಂಖ್ಯೆಗೆ ಈ ದಾರಿ ಸಾಗದು, ಕಂಪ್ಯೂಟರಿಗೂ ಅಸಾಧ್ಯ. ಯಾವುದೇ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ತ್ವರಿತವಾಗಿ, ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಬಲ್ಲ ವಿಧಾನವಿದೆ ಎಂದು 2002ರಲ್ಲಿ ಸಾಧಿಸಿ ತೋರಿಸಿದವರು ಐಐಟಿ ಕಾನ್ಪುರದ ಮಣೀಂದ್ರ ಅಗರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಕಯಾಲ್, ಸಕ್ಸೇನಾ ಆಗಿನ್ನೂ ವಿದ್ಯಾರ್ಥಿಗಳು. ಶಾಲೆಗಳಲ್ಲಿ ಈ ಮಾತು ಇನ್ನೂ ಹೆಚ್ಚು ಕೇಳಿಬರಬೇಕು.

ನಿಮ್ಮ ಮಗಳಿಗೆ ಇನ್ನೊಂದು ಹೇಳಿ. 580001 ಅನ್ನು 4ರಿಂದ ಭಾಗಿಸಿದರೆ ಶೇಷ 1. ಇಂಥ ಪ್ರತಿಯೊಂದು ಅವಿಭಾಜ್ಯವೂ ಎರಡು ವರ್ಗಗಳ ಮೊತ್ತವಾಗಿರುತ್ತದೆ ಎಂದು ಫ್ರೆಂಚ್ ಗಣಿತಜ್ಞ ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ಬರೆದಿದ್ದ; ಸಾಧಿಸಿದ್ದು ನೂರು ವರ್ಷಗಳ ನಂತರ ಸ್ವಿಸ್ ಗಣಿತಜ್ಞ ಆಯ್ಲರ್. ನಮ್ಮ ಸಂಖ್ಯೆಯಲ್ಲಿ ಆ ಜೋಡಿ 760 ಮತ್ತು 49. 760ರ ವರ್ಗ 577600, 49ರ ವರ್ಗ 2401, ಕೂಡಿದರೆ 580001. ಇಂಥ ಇನ್ನೊಂದು ಜೋಡಿ ಸಿಕ್ಕಿದ್ದರೆ ಸಂಖ್ಯೆ ಅವಿಭಾಜ್ಯ ಅಲ್ಲವೆಂದೇ ಅರ್ಥ. ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ.